ಹತ್ತನೆಯ ರಸ

ತರಗತಿಯಲ್ಲಿ ನವರಸಗಳ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಹತ್ತನೆಯದೊಂದು ರಸದ ಪರಿಚಯವಾದದ್ದು ಮೊನ್ನೆಯ ಏಕಾದಶಿಯಂದು. ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದ ಮಾವನವರು ದಶಮಿಯ ರಾತ್ರಿಯೇ ಸಾರಿಬಿಟ್ಟರು: "ಈ ಸಲ ಅವಲಕ್ಕಿ ಉಪ್ಪಿಟ್ಟಿನ ಉಪವಾಸ ಬೇಡ. ಮೂರು ದಿನ ಬರೀ ರಸ."

ಯಾವ ರಸ? ಹಣ್ಣಿನದೋ, ತರಕಾರಿಯದೋ? ಮನೆಯಲ್ಲಿ ಎರಡು ಪಕ್ಷಗಳಾದವು. ನಾನು ಹಣ್ಣಿನ ಪಕ್ಷ. 1943ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ 21 ದಿನ ಉಪವಾಸವಿದ್ದ ಗಾಂಧೀಜಿ, ನೀರು ಗಂಟಲಿಳಿಯಲೆಂದು ಅದಕ್ಕೆ ಮೋಸಂಬಿಯ ರಸ ಬೆರೆಸಿಕೊಂಡದ್ದನ್ನು ಆಧಾರವಾಗಿ ಹೇಳಿದೆ.

"ಬಾಪೂಜಿ ಬೆರೆಸಿಕೊಂಡದ್ದು ಒಂದಿಷ್ಟು. ನೀವು ಕುಡಿಸಹೊರಟಿರುವುದು ಲೋಟಗಟ್ಟಲೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಮರೆತಿರಾ?" ಎಂದಳು ನನ್ನಾಕೆ.

ನಾನು ನಿರುತ್ತರನಾದೆ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಕಿತ್ತಳೆ ಬೇಕು. ಅಷ್ಟರ ಸಕ್ಕರೆಯೂ ಲೋಟಕ್ಕಿಳಿಯುತ್ತದೆ. ಅದರ ವೇಗವನ್ನು ತಡೆಯಬೇಕಾದ ನಾರು ಶೋಧಕದಲ್ಲಿ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2015ರ ತನ್ನ ಸೂಚನೆಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಮಿತಿಯಲ್ಲಿಡಬೇಕಾದ ಸಕ್ಕರೆಗಳ ಸಾಲಿಗೇ ಸೇರಿಸಿದೆ.

ಹೀಗೆ ಗೆದ್ದ ತರಕಾರಿ ಪಕ್ಷ ಬೆಳಗ್ಗೆ ಸೋರೆಕಾಯಿಯ ರಸ ತೆಗೆಯಿತು. ಮಾವನವರು ಒಂದು ಗುಟುಕು ಕುಡಿದರು. ಮುಖದಲ್ಲಿ ಬೀಭತ್ಸ ರಸ ಮೂಡಿತು. "ವಿಷದಂಥ ಕಹಿ! ಇರಲಿ ಮೇಷ್ಟ್ರೇ, ಕಹಿಯಾದಷ್ಟೂ ಸಕ್ಕರೆಗೆ ಒಳ್ಳೆಯದು" ಎಂದು ಮತ್ತೆ ಲೋಟವೆತ್ತಿದರು. ನನ್ನಾಕೆ ಅದನ್ನು ಕಸಿದುಕೊಂಡು ಬಚ್ಚಲಿಗೆ ಸುರಿದಳು.

ಅವಳು ಮಾಡಿದ್ದೇ ಸರಿ. ಹಾಗಲದ ಕಹಿ ಅದರ ಹುಟ್ಟುಗುಣ. ಸೋರೆಯ ಕಹಿ ಅಪಾಯದ ಗಂಟೆ. ಸೋರೆ, ಸೌತೆಗಳ ಕುಲದಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಪದಾರ್ಥ ಹೆಚ್ಚಿದಾಗ ಕಾಯಿ ವಿಪರೀತ ಕಹಿಯಾಗುತ್ತದೆ. 2010ರಲ್ಲಿ ದೆಹಲಿಯಲ್ಲಿ, ಆರೋಗ್ಯಕ್ಕೆಂದು ಅಂಥ ಕಹಿ ರಸವನ್ನು ಕುಡಿದ ಒಬ್ಬ ವಿಜ್ಞಾನಿ ಪ್ರಾಣವನ್ನೇ ಕಳೆದುಕೊಂಡರು. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಹೇಳಿದ್ದು ಇಷ್ಟೇ: ರಸ ತೆಗೆಯುವ ಮುನ್ನ ಒಂದು ಚೂರನ್ನು ರುಚಿ ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಕುಡಿದ ಮೇಲೆ ವಾಂತಿ ಭೇದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸೌತೆಕಾಯಿಯ ತುದಿ ಕೊಯ್ದು ನಾಲಗೆಗಿಡುತ್ತಿದ್ದ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ನಿಂಬೆ, ಜೇನುತುಪ್ಪ ಬೆರೆಸಿ ಕಹಿಯನ್ನು ಮರೆಮಾಡುವ ಜಾಣತನ ಮಾತ್ರ ಬೇಡ.

ಸದ್ಯ, ಒಂದು ಗುಟುಕಿನಿಂದ ಮಾವನವರಿಗೆ ಏನೂ ಆಗಲಿಲ್ಲ. ಸಂಜೆ ವೈದ್ಯರಲ್ಲಿಗೆ ಕರೆದೊಯ್ದೆ. "ಸಕ್ಕರೆಯ ಮಾತ್ರೆ ನುಂಗಿ ಮೂರು ದಿನ ಅನ್ನ ಬಿಟ್ಟರೆ ಸಕ್ಕರೆ ತೀರ ಕುಸಿದು ಪ್ರಜ್ಞೆ ತಪ್ಪೀತು. ಕೇಳದೆ ಇಂಥ ಸಾಹಸ ಬೇಡ" ಎಂದು ಅವರು ಗದರಿದರು. ಮೂತ್ರಪಿಂಡದ ತೊಂದರೆಯಿರುವವರಿಗಂತೂ ಹಣ್ಣು ತರಕಾರಿಗಳೆರಡರ ರಸದಲ್ಲೂ ಪೊಟಾಸಿಯಂ ಕಾದಿರುತ್ತದಂತೆ.

ದ್ವಾದಶಿಯ ಬೆಳಗ್ಗೆ ಮಾವನವರು ಹುಳಿಯನ್ನವನ್ನು ಸವಿದುಂಡರು. ಶಾಂತರಸ ನೆಲೆಸಿತು. ಓದುಗ ಮಹಾಶಯರೇ, ಹಣ್ಣೋ ತರಕಾರಿಯೋ ಎಂಬ ವಾದ ನಿಮ್ಮ ಮನೆಯಲ್ಲೂ ಹುಟ್ಟಿದರೆ, ತೀರ್ಪಿಗೆ ಮೊದಲು ವೈದ್ಯರನ್ನೊಮ್ಮೆ ಕೇಳಿ. ಸೋರೆಕಾಯಿಯ ಚೂರೊಂದನ್ನು ನಾಲಗೆಯ ಮೇಲಿಟ್ಟು ನೋಡಿ. ಅಷ್ಟಕ್ಕೇ ಉಪವಾಸ ಕೆಟ್ಟಿತೆಂದು ಯಾವ ದೇವರೂ ಮುನಿಯಲಾರನು.