ರಿಸ್ಕ್ ತಗೋ ಅನ್ನೋರಿಗೆ ಒಂದು ಮಾತು



ಈಚೆಗೆ ಎಲ್ಲಿ ನೋಡಿದ್ರೂ ಇದೇ ಉಪದೇಶ. ಜೀವನದಲ್ಲಿ ರಿಸ್ಕ್ ತಗೋಬೇಕಂತೆ, ಕಂಫರ್ಟ್ ಝೋನ್ ಬಿಟ್ಟು ಬರಬೇಕಂತೆ. ನಮ್ಮ ಕೇರಿ ಹುಡುಗರಿಗೂ ಇದನ್ನೇ ಫಾರ್ವರ್ಡ್ ಮಾಡ್ತಾರೆ. ಬಿಟ್ಟು ಬರೋಕೆ ಅಂಥದ್ದೊಂದು ಮೊದಲು ಇರಬೇಕಲ್ಲ ಸ್ವಾಮಿ! ಅಪ್ಪನ ಹೆಸರಲ್ಲಿ ಸೈಟು, ಮಾವನ ಹೆಸರಲ್ಲಿ ತೋಟ ಇರೋನು ಬಿದ್ರೆ ಹಾಸಿಗೆ ಮೇಲೆ ಬೀಳ್ತಾನೆ. ನಮ್ಮೋನು ಬಿದ್ರೆ ಅವನ ಜೊತೆ ಅವ್ವನ ಮಾತ್ರೆ, ತಂಗಿ ಫೀಸು, ಸಂಘದ ಕಂತು ಎಲ್ಲಾ ಬೀಳುತ್ತೆ.

ಹಾಗಂತ ನಮ್ಮೋರು ಧೈರ್ಯ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರನ್ನೇ ನೋಡಿ. 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ಅವರನ್ನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದ್ರು. ಮರುವರ್ಷ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಕೆಲಸ ಸಿಕ್ಕಿತು. ಗುಮಾಸ್ತನಾಗಿ ಹೇಳ್ತೀನಿ, ತಿಂಗಳಾದ್ರೆ ಸಂಬಳ ಬರೋದರ ಬೆಲೆ ಏನು ಅಂತ ನನಗೆ ಗೊತ್ತು. ಅಂಥ ಕೆಲಸವನ್ನ 1920ರಲ್ಲಿ ಬಿಟ್ಟು, ಅರ್ಧಕ್ಕೆ ನಿಂತಿದ್ದ ಓದು ಮುಗಿಸೋಕೆ ಲಂಡನ್ನಿಗೆ ಹೊರಟರು. 1923ರಲ್ಲಿ ಬ್ಯಾರಿಸ್ಟರಾಗಿ ವಾಪಸ್ ಬಂದರು, ಅದೇ ವರ್ಷ ಡಿ.ಎಸ್ಸಿ.ಯೂ ಸಿಕ್ಕಿತು. ವಕೀಲಿಕೆ ಕೈಯಲ್ಲಿತ್ತು, ಹಾಗಾಗಿ 1927ರಲ್ಲಿ ಮಹಾಡ್‌ಗೆ ಹೋಗುವಾಗ ಯಾವ ಸಾಹೇಬರ ಮುಂದೆಯೂ ರಜೆ ಅರ್ಜಿ ಹಿಡಿದು ನಿಲ್ಲಬೇಕಾಗಿರಲಿಲ್ಲ.

ಆದರೆ ವೇದಿಕೆ ಮೇಲೆ ಈ ಕಥೆ ಹೇಳುವಾಗ ನಾವು ಅರ್ಧ ನುಂಗಿಬಿಡ್ತೀವಿ. ಅವರು ಬರೀ ಛಲದ ಮೇಲೆ ಹಡಗು ಹತ್ತಲಿಲ್ಲ. ಸ್ವಂತ ಉಳಿತಾಯ ಇತ್ತು, ಕೊಲ್ಹಾಪುರದ ಶಾಹು ಮಹಾರಾಜರ ನೆರವಿತ್ತು, ಪಾರ್ಸಿ ಗೆಳೆಯ ನವಲ್ ಭತೇನ 5,000 ರೂಪಾಯಿ ಸಾಲ ಕೊಟ್ಟಿದ್ದರು. ಇತ್ತ ಮುಂಬೈನಲ್ಲಿ ಬಡತನದ ಸಂಸಾರ ತೂಗಿಸಿದವರು ರಮಾಬಾಯಿ. ಐದು ಮಕ್ಕಳನ್ನ ಹೆತ್ತು ನಾಲ್ಕನ್ನ ಕಳಕೊಂಡ ತಾಯಿ. ಆ ರಿಸ್ಕಿನಲ್ಲಿ ದೊಡ್ಡ ಪಾಲು ಅವರದ್ದು. ಅವರಿಗೆ ಯಾರೂ ಮೋಟಿವೇಷನ್ ಭಾಷಣ ಮಾಡಿರಲಿಲ್ಲ.

ನಮ್ಮ ಬೀದಿಯ ಒಬ್ಬ ಹೆಣ್ಮಗಳಿಗೆ ಹೈದರಾಬಾದಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ತು. ಹೊರಗುತ್ತಿಗೆಯ ಡಾಟಾ ಎಂಟ್ರಿ ಕೆಲಸದಲ್ಲಿದ್ದಳು, ಮನೆ ನಡೀತಿದ್ದದ್ದೇ ಅದರಲ್ಲಿ. ಸಭೆ ಮಾಡಿ ಹಾರ ಹಾಕಿದ್ವಿ, ‘ಧೈರ್ಯವಾಗಿ ಹೋಗವ್ವ’ ಅಂದ್ವಿ. ಅವರವ್ವ ಒಂದೇ ಮಾತು ಕೇಳಿದ್ರು: ‘ಇವಳು ಹೋದ್ರೆ ಮನೆ ಬಾಡಿಗೆ ಯಾರಣ್ಣ ಕಟ್ತಾರೆ?’ ಸ್ಕಾಲರ್‌ಶಿಪ್ ಬರುತ್ತೆ ಅಂದ ಒಬ್ಬರು. ಅದು ಬರೋ ಚೆಂದ ನಮಗೆ ಗೊತ್ತಿಲ್ಲದ್ದಾ?

ಮೀಸಲಾತಿಯಿಂದ ಪರ್ಮನೆಂಟ್ ಕೆಲಸ ಹಿಡಿದು ಎರಡನೇ ಸೈಟಿಗೆ ಅಡ್ವಾನ್ಸ್ ಕೊಡ್ತಿರೋ ನಾವು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಚಪ್ಪಾಳೆಗೆ ಖರ್ಚಿಲ್ಲ. ಎದುರಿಗಿರೋ ಮಗು ಸೋತರೆ ಆ ಮನೆಯ ಆರು ತಿಂಗಳ ಬಾಡಿಗೆ, ರೇಷನ್ ನಮ್ಮದು ಅನ್ನೋಕೆ ಆಗದಿದ್ರೆ ‘ರಿಸ್ಕ್ ತಗೋ’ ಅನ್ನೋ ಹಕ್ಕು ನಮಗೆ ಎಲ್ಲಿಂದ ಬಂತು?

ಕೊನೆಗೆ ಆರು ಜನ ತಿಂಗಳಿಗೆ ಸಾವಿರದಂತೆ ಹಾಕೋದು ಅಂತ ಆಯ್ತು. ‘ದಾನ ಬೇಡ, ಸಾಲ ಅಂತ ಬರ್ಕೊಳಿ’ ಅಂದ್ರು ಆ ತಾಯಿ. ಬರ್ಕೊಂಡ್ವಿ. ಹುಡುಗಿ ಹೋದಳು. ಮೊದಲ ಸೆಮಿಸ್ಟರಲ್ಲಿ ಒಂದು ಪೇಪರ್ ಹೋಗಿದೆ. ನಮ್ಮ ಆರು ಜನರಲ್ಲೇ ಒಬ್ಬರು ಫೋನ್ ಮಾಡಿ, ‘ದುಡ್ಡು ಹೊಳೇಲಿ ಹುಣಸೇಹಣ್ಣು ಕಿವುಚಿದಂಗೆ ಆಯ್ತಾ?’ ಅಂದ್ರು. ನಾನಂದೆ, ‘ಪೇಪರ್ ಮತ್ತೆ ಬರೀತಾಳೆ ಸಾರ್. ಈ ತಿಂಗಳದ್ದು ಐದು ಜನರದ್ದು ಬಂದಿದೆ, ನಿಮ್ಮದು ಬಾಕಿ.’