ಇಂಗ್ಲಿಷಿನ ಕ್ರಿಯಾನುಡಿಗಟ್ಟುಗಳ ಕಲಿಕೆ ಮತ್ತು ಕನ್ನಡ ವಿಭಾಗಗಳ ಹೊಣೆ

ಕನ್ನಡ ವಿಭಾಗದ ಸಂಶೋಧನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನ ಫ್ರೇಸಲ್ ವರ್ಬುಗಳನ್ನು ಕುರಿತು ಬರೆಯುವುದು ಕೆಲವರಿಗಾದರೂ ಅಪ್ರಸ್ತುತವೆಂದು ತೋರಬಹುದು. ಅದು ಇಂಗ್ಲಿಷ್ ಅಧ್ಯಾಪಕರ ಕೆಲಸ, ನಮಗೇಕೆ ಆ ಉಸಾಬರಿ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳಂತಹ ಊರುಗಳ ಪದವಿ ತರಗತಿಗಳಲ್ಲಿ ಕನ್ನಡ ಕಲಿಯುವವರೂ ಇಂಗ್ಲಿಷಿಗೆ ಅಂಜುವವರೂ ಒಬ್ಬರೇ ವಿದ್ಯಾರ್ಥಿಗಳು. ಅವರ ಅಂಜಿಕೆಗೆ ನಮ್ಮ ಕನ್ನಡ ಬೋಧನೆಯಲ್ಲಿಯೂ ಒಂದು ಕಾರಣವಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಹೋದ್ಯೋಗಿಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲಿಗೆ ಸಮಸ್ಯೆಯ ಸ್ವರೂಪ. ಇಂಗ್ಲಿಷಿನಲ್ಲಿ ‘ಪುಟ್’, ‘ಸೆಟ್’, ‘ಗೆಟ್’, ‘ಟೇಕ್’ ಮುಂತಾದ ಚಿಕ್ಕ ಕ್ರಿಯಾಪದಗಳು ‘ಅಪ್’, ‘ಆಫ್’, ‘ಔಟ್’, ‘ಆನ್’ ಮುಂತಾದ ಕಿರುಪದಗಳೊಡನೆ ಸೇರಿ ಹೊಸ ಅರ್ಥ ಪಡೆಯುತ್ತವೆ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ನಂದಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು. ಬಿಡಿಪದಗಳ ಅರ್ಥ ಬಲ್ಲವನಿಗೂ ಇಡಿಯ ಅರ್ಥ ಹೊಳೆಯುವುದಿಲ್ಲ. ಇದು ಇಂದಿನ ದೂರಲ್ಲ. 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷಿಕರಿಗೆ ಅತಿ ಹೆಚ್ಚು ತೊಡಕಾಗುವುದು ಇಂತಹ ಜೋಡಣೆಗಳೇ ಎಂದು ಗುರುತಿಸಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ತನ 1925ರ ಗ್ರಂಥದಿಂದ. ಇಲ್ಲಿ ಅನುಕೂಲಕ್ಕಾಗಿ ಇವನ್ನು ‘ಕ್ರಿಯಾನುಡಿಗಟ್ಟು’ ಎಂದು ಕರೆಯುತ್ತೇನೆ.

ನಮ್ಮ ಭಾಗದ ವಿದ್ಯಾರ್ಥಿ ಇಂಗ್ಲಿಷನ್ನು ಕಿವಿಯಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಪಠ್ಯಪುಸ್ತಕ ಮತ್ತು ಮಾರ್ಗದರ್ಶಿಗಳಿಂದ ಕಲಿಯುತ್ತಾನೆ. ಆದ್ದರಿಂದ ಅವನಿಗೆ ಲ್ಯಾಟಿನ್ ಮೂಲದ ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ರಿಜೆಕ್ಟ್’ ಗೊತ್ತಿರುತ್ತವೆ. ಅದೇ ಅರ್ಥದ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಟರ್ನ್ ಡೌನ್’ ಗೊತ್ತಿರುವುದಿಲ್ಲ. ಭಾರವಾದ ಪದ ಬಲ್ಲವನು ಹಗುರವಾದ ಮಾತಿಗೆ ತಡವರಿಸುತ್ತಾನೆ. 2007–08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದರೂ ಈ ಸ್ಥಿತಿ ಹೆಚ್ಚು ಬದಲಾದಂತೆ ತೋರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ನೂರಾರು ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪಟ್ಟಿಯೂ ಮುಗಿಯುತ್ತದೆ. ಹಾಗೆಂದು ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಂತಹ ಉದ್ಯಮಗಳು ನಮ್ಮ ನೆರೆಯಲ್ಲಿಯೇ ಬಂದಿವೆ. ಯಂತ್ರದ ಮುಂದೆ ನಿಂತವನಿಗೆ ‘ಶಟ್ ಡೌನ್’, ‘ಕೀಪ್ ಆಫ್’, ‘ಸ್ಟ್ಯಾಂಡ್ ಬೈ’ ಎಂಬವುಗಳ ಅರ್ಥ ತಿಳಿಯದಿದ್ದರೆ ಹೋಗುವುದು ಅಂಕವಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಬಿಡಿಪದಗಳ ಅರ್ಥವನ್ನು ಮೀರಿ ನಿಲ್ಲುವ ಕ್ರಿಯಾಪದಗಳು ಕನ್ನಡಿಗನಿಗೆ ಹೊಸವೇ? ‘ಕೈಕೊಡು’ ಎಂಬಲ್ಲಿ ಕೈಯನ್ನು ಯಾರೂ ಕೊಡುವುದಿಲ್ಲ, ‘ಕೈಚೆಲ್ಲು’ ಎಂಬಲ್ಲಿ ಏನೂ ಚೆಲ್ಲುವುದಿಲ್ಲ. ಮೊದಲನೆಯದು ಇಂಗ್ಲಿಷಿನ ‘ಲೆಟ್ ಡೌನ್’, ಎರಡನೆಯದು ‘ಗಿವ್ ಅಪ್’. ‘ತಲೆದೋರು’ ಎಂಬುದು ‘ಕ್ರಾಪ್ ಅಪ್’. ‘ಬೆನ್ನುಹತ್ತು’ ಎಂಬುದು ‘ರನ್ ಆಫ್ಟರ್’. ನಾಮಪದವೂ ಕ್ರಿಯಾಪದವೂ ಕೂಡುವ ಇಂತಹ ರಚನೆಯನ್ನು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ ಕ್ರಿಯಾಸಮಾಸವೆಂದು ಗುರುತಿಸಿದ್ದಾನೆ. ಆದರೆ ತರಗತಿಗಳಲ್ಲಿ ನಾವು ಕಲಿಸುವುದೇನು? ಪದ ಬಿಡಿಸಿ ಸಮಾಸದ ಹೆಸರು ಹೇಳುವುದನ್ನು. ಕೂಡಿದ ಮೇಲೆ ಅರ್ಥ ಹೇಗೆ ಹೊರಳಿತು ಎಂಬ ಮುಖ್ಯ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಇದಕ್ಕಿಂತಲೂ ಫಲವತ್ತಾದ ಕ್ಷೇತ್ರ ನಮ್ಮ ಸಂಯುಕ್ತ ಕ್ರಿಯಾಪದಗಳದು. ‘ತಿಂದುಬಿಡು’, ‘ಕುಡಿದುಬಿಡು’ ಎಂಬಲ್ಲಿ ‘ಬಿಡು’ ತನ್ನ ಮೂಲಾರ್ಥವನ್ನು ತೊರೆದು ಕ್ರಿಯೆಯ ಪೂರ್ಣತೆಯನ್ನು ಹೇಳುತ್ತದೆ. ‘ಈಟ್ ಅಪ್’, ‘ಡ್ರಿಂಕ್ ಅಪ್’ ಎಂಬಲ್ಲಿನ ‘ಅಪ್’ ಮಾಡುವ ಕೆಲಸವೂ ಅದೇ. ‘ಓದುತ್ತಾ ಹೋಗು’ ಎಂಬಲ್ಲಿನ ‘ಹೋಗು’ ಮತ್ತು ‘ರೀಡ್ ಆನ್’ ಎಂಬಲ್ಲಿನ ‘ಆನ್’ ಎರಡೂ ಮುಂದುವರಿಕೆಯ ಸೂಚಕಗಳು. ‘ಅಲೆದಾಡು’, ‘ಹಾರಾಡು’, ‘ಓಡಾಡು’ ಎಂಬಲ್ಲಿನ ‘ಆಡು’ ಗೊತ್ತುಗುರಿಯಿಲ್ಲದ ಚಲನೆಯನ್ನು ಸೂಚಿಸಿದರೆ ಇಂಗ್ಲಿಷಿನಲ್ಲಿ ಆ ಕೆಲಸ ‘ಅಬೌಟ್’ ಎಂಬುದರದು. ಅಳಿಸಿಹಾಕುವುದು ‘ವೈಪ್ ಔಟ್’, ಎತ್ತಿಡುವುದು ‘ಪುಟ್ ಅವೇ’, ಅಂಗಿಯನ್ನು ಹಾಕಿಕೊಂಡು ನೋಡುವುದು ‘ಟ್ರೈ ಆನ್’. ಇವನ್ನು ಗುಂಪುಗುಂಪಾಗಿ ಇಟ್ಟು ತೋರಿಸಿದರೆ ವಿದ್ಯಾರ್ಥಿಗೆ ಪಟ್ಟಿಯ ಬದಲು ಒಂದು ತತ್ವ ದೊರೆಯುತ್ತದೆ.

ಬಾಗೇವಾಡಿಯ ಆಡುನುಡಿಯಲ್ಲಿ ಈ ಮಾತಿಗೆ ಇನ್ನೂ ಸ್ಪಷ್ಟವಾದ ನಿದರ್ಶನಗಳಿವೆ. ‘ಹತ್ತು’ ಮತ್ತು ‘ಹಚ್ಚು’ ಎಂಬ ಜೋಡಿಯನ್ನೇ ನೋಡಬಹುದು. ಮಳಿ ಹತ್ತುತ್ತದೆ, ಬೆಂಕಿ ಹತ್ತುತ್ತದೆ, ಹಸಿವಿ ಹತ್ತುತ್ತದೆ, ಕೂಸು ಅಳಾಕ ಹತ್ತುತ್ತದೆ, ಮಂದಿ ಹಾದಿ ಹತ್ತುತ್ತಾರೆ, ಬೆಳಿ ಕೈಗೆ ಹತ್ತುವುದಿಲ್ಲ. ಹಾಗೆಯೇ ಹುಡುಗನನ್ನು ಸಾಲಿಗೆ ಹಚ್ಚುತ್ತಾರೆ, ಆಳನ್ನು ಕೆಲಸಕ್ಕೆ ಹಚ್ಚುತ್ತಾರೆ, ಫೋನ್ ಹಚ್ಚುತ್ತಾರೆ, ಬೀಗರನ್ನು ಬಸ್ಸಿಗೆ ಹಚ್ಚಿ ಬರುತ್ತಾರೆ. ಇಂಗ್ಲಿಷಿನಲ್ಲಿ ಮಳೆ ‘ಸೆಟ್ ಇನ್’ ಆಗುತ್ತದೆ, ಪಯಣಿಗ ‘ಸೆಟ್ ಔಟ್’ ಆಗುತ್ತಾನೆ, ಫೋನಿನಲ್ಲಿ ‘ರಿಂಗ್ ಅಪ್’ ಮಾಡುತ್ತಾರೆ, ಬೀಗರನ್ನು ‘ಸೀ ಆಫ್’ ಮಾಡುತ್ತಾರೆ. ಹಳಗನ್ನಡದ ‘ಪತ್ತು’ವಿನಿಂದ ಬಂದ ಒಂದು ಧಾತು ಇಷ್ಟು ಕೆಲಸಗಳನ್ನು ಹೊತ್ತಿರುವುದು ಇಂಗ್ಲಿಷಿನ ‘ಸೆಟ್’ ಅಥವಾ ‘ಗೆಟ್’ ಹೊತ್ತಿರುವ ಭಾರಕ್ಕೆ ಕಡಿಮೆಯದೇನಲ್ಲ. ಇದನ್ನು ದಿನವೂ ತಪ್ಪಿಲ್ಲದೆ ಬಳಸುವ ಹುಡುಗಿ, ‘ಸೆಟ್’ ಎಂಬುದಕ್ಕೆ ಇಷ್ಟೊಂದು ಅರ್ಥಗಳೇ ಎಂದು ಬೆದರುವುದು ವಿಪರ್ಯಾಸ.

ಒಮ್ಮೆ ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ಇಂಗ್ಲಿಷ್ ಪಾಠದಲ್ಲಿದ್ದ ‘ಪುಟ್ ಅಪ್ ವಿತ್’ ಎಂಬುದರ ಅರ್ಥ ಕೇಳಲು ನನ್ನ ಬಳಿ ಬಂದ. ‘ಜೊತೆಗೆ ಮೇಲೆ ಇಡು’ ಎಂದು ಬರೆದುಕೊಂಡಿದ್ದ. “ತಪ್ಪು ಮಾಡಿದ ಮಗನ ಬಗ್ಗೆ ನಿಮ್ಮ ಮನೆಯಲ್ಲಿ ಹಿರಿಯರು ಏನೆನ್ನುತ್ತಾರೆ?” ಎಂದು ಕೇಳಿದೆ. “ಹೊಟ್ಟ್ಯಾಗ ಹಾಕ್ಕೋರಿ ಅಂತಾರ್ರಿ” ಎಂದ. ಹೊಟ್ಟೆಯಲ್ಲಿ ಏನನ್ನು ಹಾಕಿಕೊಳ್ಳುತ್ತಾರೆ ಎಂದು ಕೇಳುವಷ್ಟರಲ್ಲಿ ಅವನಿಗೆ ತಿಳಿದುಹೋಗಿತ್ತು. ಎರಡೂ ಮಾತುಗಳ ಅರ್ಥ ಪೂರ್ತಿ ಒಂದೇ ಅಲ್ಲ. ನಮ್ಮದರಲ್ಲಿ ಕ್ಷಮೆಯಿದೆ, ಅವರದರಲ್ಲಿ ಬರಿಯ ಸಹನೆಯಿದೆ. ಆ ವ್ಯತ್ಯಾಸವನ್ನೂ ಕೊನೆಗೆ ಅವನೇ ಹೇಳಿದ.

ಈ ಹೋಲಿಕೆಗೆ ಮಿತಿಗಳಿವೆ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ಕ್ರಿಯೆಗೆ ಕ್ರಿಯೆ ಸೇರಿದರೆ ಇಂಗ್ಲಿಷಿನಲ್ಲಿ ಕ್ರಿಯೆಗೆ ಕಿರುಪದ ಸೇರುತ್ತದೆ. ಇಂಗ್ಲಿಷಿನ ಅನೇಕ ನುಡಿಗಟ್ಟುಗಳಲ್ಲಿ ಕರ್ಮಪದ ನಡುವೆ ಬರಬಲ್ಲುದು. ಕರ್ಮ ಸರ್ವನಾಮವಾಗಿದ್ದರೆ ‘ಸ್ವಿಚ್ ಇಟ್ ಆಫ್’ ಎಂದೇ ಹೇಳಬೇಕು, ‘ಸ್ವಿಚ್ ಆಫ್ ಇಟ್’ ಎನ್ನುವಂತಿಲ್ಲ. ಕನ್ನಡದ ‘ಬಂದೇಬಿಟ್ಟ’ ಎಂಬಲ್ಲಿ ‘ಏ’ಕಾರದಂತಹ ಅವಧಾರಣೆ ನಡುವೆ ಬರುತ್ತದೆಯೇ ಹೊರತು ಕರ್ಮಪದ ಬರುವುದಿಲ್ಲ. ‘ಬಿದ್ದುಬಿಟ್ಟ’ ಎಂಬಲ್ಲಿನ ‘ಬಿಡು’ ಪೂರ್ಣತೆಗಿಂತ ಹೆಚ್ಚಾಗಿ ಹೇಳುವವನ ಮನೋಭಾವವನ್ನು ಸೂಚಿಸುತ್ತದೆ; ಅದಕ್ಕೆ ‘ಅಪ್’ ಹೊಂದುವುದಿಲ್ಲ. ಆದ್ದರಿಂದ ನಾನು ಹೇಳುತ್ತಿರುವುದು ಪದಕ್ಕೆ ಪದ ಹೊಂದಿಸುವ ಕೋಷ್ಟಕವನ್ನಲ್ಲ, ಅರ್ಥ ಹೊರಳುವ ಬಗೆಯ ಅರಿವನ್ನು.

ಕನ್ನಡದ ಮೂಲಕ ಕಲಿಸಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಆಕ್ಷೇಪಣೆ ಬರಬಹುದು. ಬಸ್ಸಿನಿಂದ ‘ಗೆಟ್ ಆಫ್’ ಎನ್ನುವ ಬದಲು ‘ಗೆಟ್ ಡೌನ್’ ಎನ್ನುವುದು ನಮ್ಮ ‘ಇಳಿ’ಯ ಪ್ರಭಾವವಿರಬಹುದು, ‘ಡಿಸ್ಕಸ್’ ಎಂಬುದರ ಮುಂದೆ ‘ಅಬೌಟ್’ ಸೇರಿಸುವುದರ ಹಿಂದೆ ನಮ್ಮ ‘ಬಗ್ಗೆ’ ಇರಬಹುದು. ಆದರೆ ಈ ತಪ್ಪುಗಳು ಹುಟ್ಟುವುದು ಕನ್ನಡದ ಅರಿವಿನಿಂದಲ್ಲ, ಅದರ ಅರಿವಿಲ್ಲದಿರುವುದರಿಂದ. ತನ್ನ ನುಡಿಯ ರಚನೆಯನ್ನು ಕಂಡುಕೊಂಡವನು ಇನ್ನೊಂದು ನುಡಿ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನೂ ಕಾಣಬಲ್ಲ.

ಇಲ್ಲಿ ನಮ್ಮ ಹೊಣೆಯ ಮಾತು ಬರುತ್ತದೆ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಪುಸ್ತಕ ಬರೆದು ವಾದಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕಾಗಿಲ್ಲ. ಆದರೆ ಸಂಸ್ಕೃತದ ಅಚ್ಚಿನಲ್ಲಿ ಸಿಗದ ಕನ್ನಡದ ರಚನೆಗಳು ನಮ್ಮ ತರಗತಿಗಳಲ್ಲಿ ಕಾಣದಾಗಿವೆ ಎಂಬುದಕ್ಕೆ ಸಂಯುಕ್ತ ಕ್ರಿಯಾಪದಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಸವರ್ಣದೀರ್ಘ ಸಂಧಿಗೆ ಕೊಡುವ ಸಮಯದ ಅರ್ಧವನ್ನಾದರೂ ನಾವು ‘ಕೊಳ್ಳು’, ‘ಬಿಡು’, ‘ಹಾಕು’ಗಳಿಗೆ ಕೊಟ್ಟಿಲ್ಲ. ಅದಕ್ಕೂ ಮಿಗಿಲಾಗಿ, ‘ಬರಾಕ ಹತ್ತ್ಯಾನ’ ಎಂಬ ಮಾತು ಉತ್ತರಪತ್ರಿಕೆಯಲ್ಲಿ ನುಸುಳಿದಾಗ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೇವೆ. ನಾನೂ ಹಾಗೆ ಮಾಡಿದ್ದೇನೆ. ಶಿಷ್ಟ ಬರಹವನ್ನು ಕಲಿಸುವುದು ಅಗತ್ಯವೇ. ಆದರೆ ಹೊಡೆದುಹಾಕಿದ ಮಾತಿನಲ್ಲಿ ಒಂದು ವ್ಯಾಕರಣವಿತ್ತು ಎಂಬುದನ್ನು ಹೇಳದೆ ಬಿಟ್ಟದ್ದು ತಪ್ಪು. ತನ್ನ ಮನೆಮಾತು ಬರಿಯ ದೋಷಗಳ ಮೂಟೆ ಎಂದು ನಮ್ಮಿಂದಲೇ ಕಲಿತ ವಿದ್ಯಾರ್ಥಿ ಪಕ್ಕದ ಇಂಗ್ಲಿಷ್ ತರಗತಿಗೆ ಬರಿಗೈಯಲ್ಲಿ ಹೋಗುತ್ತಾನೆ. ಆಡುಮಾತಿಗೇ ಪರಮಾರ್ಥವನ್ನು ಹೊರುವ ಶಕ್ತಿಯಿದೆ ಎಂದು ಹನ್ನೆರಡನೆಯ ಶತಮಾನದಲ್ಲಿ ತೋರಿಸಿಕೊಟ್ಟ ಬಸವಣ್ಣನ ಊರಿನಲ್ಲಿ ಹೀಗಾಗುವುದು ಇನ್ನಷ್ಟು ಖೇದಕರ.

ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಪದವಿ ಹಂತದ ಭಾಷಾ ಪಠ್ಯದಲ್ಲಿ ಸಂಯುಕ್ತ ಕ್ರಿಯಾಪದಗಳಿಗೆ ಒಂದು ಘಟಕ ಬೇಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದ ‘ಹತ್ತು’, ‘ಹಚ್ಚು’, ‘ಒಗೆ’, ‘ಇಸಕೊ’ ಮುಂತಾದವುಗಳ ಬಳಕೆಗಳನ್ನು ವಾಕ್ಯಸಹಿತ ಸಂಗ್ರಹಿಸಿ ತರುವ ಕಿರುಯೋಜನೆಗಳನ್ನು ಕೊಡಬಹುದು. ಕಿಟೆಲ್ಲರ 1894ರ ನಿಘಂಟಿನೊಡನೆ ಅವನ್ನು ಹೋಲಿಸಿದರೆ ಸಂಶೋಧನೆಗೂ ವಸ್ತು ದೊರೆಯುತ್ತದೆ. ಆ ಸಂಗ್ರಹವನ್ನು ಇಂಗ್ಲಿಷ್ ವಿಭಾಗದವರ ಮುಂದಿಟ್ಟು, ಕನ್ನಡದ ಅರ್ಥದಿಂದ ಇಂಗ್ಲಿಷಿನ ನುಡಿಗಟ್ಟಿಗೆ ಹೋಗುವ ಒಂದು ಚಿಕ್ಕ ಪದಕೋಶವನ್ನು ಎರಡೂ ವಿಭಾಗಗಳು ಕೂಡಿ ಸಿದ್ಧಪಡಿಸಬಹುದು. ಒಂದೇ ಕೊಠಡಿಯಲ್ಲಿ ಕುಳಿತು ಚಹಾ ಕುಡಿಯುವ ಇಬ್ಬರು ಅಧ್ಯಾಪಕರು ತಮ್ಮ ಪಾಠಗಳ ಬಗೆಗೆ ಮಾತನಾಡತೊಡಗಿದರೆ ಅರ್ಧ ಕೆಲಸ ಆದಂತೆ.

ಇದರಿಂದ ಇಂಗ್ಲಿಷಿಗೆ ಆಗುವ ಲಾಭವನ್ನು ಇಂಗ್ಲಿಷ್ ಅಧ್ಯಾಪಕರು ನೋಡಿಕೊಳ್ಳಲಿ. ನಮಗೆ ಆಗುವ ಲಾಭ ಬೇರೆ. ನಮ್ಮ ನುಡಿಯ ಕ್ರಿಯಾಪದಗಳನ್ನು ನಾವು ಮೊದಲ ಬಾರಿಗೆ ನಮ್ಮ ವಿದ್ಯಾರ್ಥಿಗಳ ಬಾಯಿಂದ ಕೇಳಿ ಬರೆದುಕೊಂಡಂತಾಗುತ್ತದೆ.