ದವಾಖಾನಿ ಖರ್ಚು ಯಾರ ಲೆಕ್ಕಕ್ಕೆ?



ಒಂದು ಕ್ವಿಂಟಲ್ ಹತ್ತಿ ಬೆಳೆಯಲು ಎಷ್ಟು ಖರ್ಚು ಎಂದು ದಿಲ್ಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ವರ್ಷಾ ಲೆಕ್ಕ ಹಾಕುತ್ತದೆ. ಬೀಜ, ಗೊಬ್ಬರ, ಎಣ್ಣಿ, ಎತ್ತು, ಟ್ರ್ಯಾಕ್ಟರು, ಕೂಲಿ, ಮನಿಮಂದಿಯ ದುಡಿಮೆ ಎಲ್ಲಾ ಬರೀತಾರ. ಆದರೆ ಎಣ್ಣಿ ಹೊಡೆದು ತಲಿ ತಿರುಗಿ ಬಿದ್ದವನನ್ನು ಹುಬ್ಬಳ್ಳಿಗೆ ಒಯ್ದ ಖರ್ಚು ಎಲ್ಲೈತಿ? ಎಣ್ಣಿಯ ಬೆಲೆ ಲೆಕ್ಕಕ್ಕೆ ಬರತೈತಿ, ಎಣ್ಣಿ ತಂದ ಬ್ಯಾನಿ ಬರೂದಿಲ್ಲ. ಅದು ಕೈಗಡವಾಗಿ, ಬಡ್ಡಿಯಾಗಿ ನಮ್ಮ ತಲಿ ಮ್ಯಾಲೆ ಕೂಡತೈತಿ.

ಈ ಲೆಕ್ಕಕ್ಕೂ ಒಂದು ವಿದ್ಯೆ ಐತಿ. ಗಾಳಿ, ನೀರು, ಮಣ್ಣು ಸೇರಿದ ವಿಷದಿಂದ ಏನು ರೋಗ ಬಂತು, ಎಷ್ಟು ದಿನದ ದುಡಿಮೆ ಹೋಯಿತು, ಎಷ್ಟು ಸಾಲವಾಯಿತು ಎಂದು ಕೂಡಿಸಿ ನೋಡುವ ವಿದ್ಯೆ. ಜೀವಮಾನವೆಲ್ಲ ಇದನ್ನೇ ಸಂಶೋಧಿಸುವ ಪ್ರೊಫೆಸರರು ಇದ್ದಾರೆ. ಅವರಿಗೆ ಪಗಾರ ಬರತೈತಿ, ನಮಗೇನು ಬಂತು ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು.

ಅಲ್ಲಿ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. 20 ವರ್ಷಕ್ಕೂ ಮೇಲೆ ನಡೆದದ್ದು 2000ದಲ್ಲಿ ನಿಂತಿತು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಮಕ್ಕಳಿಗೆ ಆಗುತ್ತಿದ್ದುದನ್ನು ಹಳ್ಳಿಯ ಡಾಕ್ಟರು ವೈ.ಎಸ್. ಮೋಹನ್ ಕುಮಾರ್ ಕಂಡು ಹೇಳಿದರು. ಕೃಷಿ ಪತ್ರಕರ್ತ ಶ್ರೀ ಪಡ್ರೆ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ತಪಾಸಣೆ ಮಾಡಿದ್ದು 2001ರಲ್ಲಿ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ 13ರಂದು. ತಲಾ 5 ಲಕ್ಷ ರೂಪಾಯಿ ಕೊಡಿರೆಂದು ಆಜ್ಞೆ ಮಾಡಿದ್ದು 2017ರ ಜನವರಿಯಲ್ಲಿ. ಅಷ್ಟೊತ್ತಿಗೆ ಒಂದು ತಲೆಮಾರು ಹಾಸಿಗಿ ಹಿಡಿದಿತ್ತು. ಆ ತಾಯಂದಿರು ಕಳಕೊಂಡ ಕೂಲಿಯ ದಿನಗಳನ್ನು ಯಾರು ಎಣಿಸಿದರು?

ನಮ್ಮ ಧಾರವಾಡದಲ್ಲಿ ವಿದ್ಯೆಗೆ ಬರಗಾಲವಿಲ್ಲ. 1986ರಿಂದ ಕೃಷಿ ವಿಶ್ವವಿದ್ಯಾಲಯ ಐತಿ, ಕರ್ನಾಟಕ ವಿಶ್ವವಿದ್ಯಾಲಯ ಐತಿ, ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಐತಿ. ಒಬ್ಬರು ಕ್ವಿಂಟಲ್ ಎಣಿಸ್ತಾರ, ಒಬ್ಬರು ರೂಪಾಯಿ, ಮತ್ತೊಬ್ಬರು ರೋಗಿ. ಮೂವರೂ ಒಂದೇ ಕಟ್ಟಿ ಮ್ಯಾಲೆ ಕುಂತು, ಕಲಘಟಗಿ, ನವಲಗುಂದ, ಕುಂದಗೋಳದ ಮನಿ ಮನಿ ಲೆಕ್ಕ ತೆಗೆಯಲಿ.

ಹಾಗಂತ, ಎಣ್ಣಿ ಹೊಡೀಬ್ಯಾಡ್ರಿ ಎಂದು ಉಪದೇಶ ಮಾಡಿ ಮೋಟಾರು ಹತ್ತುವ ಸಂಶೋಧನೆ ನಮಗೆ ಬೇಡ. ಹುಳ ತಿಂದ ಬೆಳೆಯ ಸಾಲ ತೀರಿಸುವವರು ಯಾರು? ಬ್ಯಾನಿಯ ಖರ್ಚು, ಎಣ್ಣಿ ಬಿಟ್ಟರೆ ಆಗುವ ನಷ್ಟ, ಎರಡನ್ನೂ ಬರೆಯಬೇಕು. ಬರೆದದ್ದನ್ನು ಕನ್ನಡದಾಗ, ಊರ ಚಾವಡಿಯಲ್ಲಿ ಓದಿ ಹೇಳಬೇಕು. ಆ ಅಂಕಿ ಬೆಲೆ ಆಯೋಗದ ಮುಂದೆ ಹೋಗಬೇಕು.

ನಮ್ಮ ಕೆಲಸವೂ ಐತಿ. ಎಣ್ಣಿ ಹೊಡೆದ ದಿನ, ಎಣ್ಣಿಯ ಹೆಸರು, ದವಾಖಾನಿ ಚೀಟಿ, ಹೋದ ಕೂಲಿ, ತಂದ ಸಾಲ ಇವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಹೊಲ ನಮ್ಮದು, ಕೂಲಿಯವರದೂ ಅದರಾಗ ಬರೆಯಿರಿ. ಬೆನ್ನಿಗೆ ಪಂಪು ಕಟ್ಟುವವರು ಹೆಚ್ಚಾಗಿ ಅವರೇ. ಕಲಿಯುವ ಮಕ್ಕಳಿಗೆ ಇಂಜಿನಿಯರಿಕೆ ಒಂದೇ ದಾರಿ ಎನ್ನಬೇಡಿರಿ. ಈ ವಿದ್ಯೆ ಕಲಿತ ಒಬ್ಬಳು ಮಗಳು ಊರಿಗೊಬ್ಬ ವಕೀಲನಷ್ಟು ಬೇಕಾದವಳು.

ಪೂರ್ತಿ ಖರ್ಚು ಬರೆಸದೆ ಪೂರ್ತಿ ಬೆಲೆ ಕೇಳಲು ಬರುವುದಿಲ್ಲ.

— ಒಬ್ಬ ರೈತ, ಬಮ್ಮಿಗಟ್ಟಿ, ತಾ. ಕಲಘಟಗಿ